ಕಾನೂನು ಕೇಳದ ಪ್ರಶ್ನೆಗಳು: ಜಪಾನಿನ ವಿದೇಶಿ ನಿವಾಸಿ ಮತ್ತು ಸಂಪರ್ಕ ವ್ಯವಸ್ಥೆ

ಜಪಾನಿನಲ್ಲಿ ನೆಲಸಲು ಬರುವ ವಿದೇಶಿಯರು ಫೋನ್ ಸಂಪರ್ಕ ಪಡೆಯುವ, ಬಾಡಿಗೆ ಮನೆಗೆ ಇಂಟರ್‌ನೆಟ್ ಹಾಕಿಸಿಕೊಳ್ಳುವ ಮತ್ತು ಟಿವಿಯ ಶುಲ್ಕ ಕಟ್ಟುವ ವಿಧಾನಗಳನ್ನು ಹೊಸಬರಿಗಾಗಿ ಬರೆದ ಕೈಪಿಡಿಗಳು ವಿವರವಾಗಿಯೇ ತಿಳಿಸುತ್ತವೆ. ಆದರೆ ಆ ವಿಧಾನಗಳು ಹಾಗೆಯೇ ಏಕಿವೆ, ಹಾಗಿರುವುದು ನ್ಯಾಯವೇ ಎಂಬ ಪ್ರಶ್ನೆಗಳನ್ನು ಅವು ಸಾಮಾನ್ಯವಾಗಿ ಎತ್ತುವುದಿಲ್ಲ. 2024ರ ಕೊನೆಗೆ ಅಲ್ಲಿನ ವಿದೇಶಿ ನಿವಾಸಿಗಳ ಸಂಖ್ಯೆ 37 ಲಕ್ಷವನ್ನು ದಾಟಿರುವುದರಿಂದ ಈ ಪ್ರಶ್ನೆಗಳನ್ನು ಇನ್ನು ಕೆಲವೇ ಜನರ ಅನನುಕೂಲವೆಂದು ಬದಿಗಿಡುವಂತಿಲ್ಲ. ವ್ಯವಸ್ಥೆಯನ್ನು ಹತ್ತಿರದಿಂದ ಪರಿಶೀಲಿಸಿದಾಗ ಕಾಣುವುದು ಎರಡು ಬೇರೆ ಬೇರೆ ಪದರಗಳು: ಒಂದು ಸಂಸತ್ತು ರೂಪಿಸಿದ ಕಾನೂನು, ಇನ್ನೊಂದು ಅಂಗಡಿ ಮತ್ತು ಬ್ಯಾಂಕುಗಳ ಕೌಂಟರಿನಲ್ಲಿ ಕಾಲಕ್ರಮೇಣ ಬೆಳೆದುಬಂದ ರೂಢಿ. ಹೊಸಬರ ತೊಂದರೆಗಳಲ್ಲಿ ಬಹುಪಾಲು ಎರಡನೆಯ ಪದರದಲ್ಲಿ ಹುಟ್ಟುತ್ತವೆ ಮತ್ತು ಮೊದಲನೆಯದರ ಹೆಸರಿನಲ್ಲಿ ಸಮರ್ಥನೆ ಪಡೆಯುತ್ತವೆ ಎಂಬುದೇ ಈ ಬರಹದ ವಾದ.

ಫೋನಿಗೆ ಸಂಬಂಧಿಸಿದ ಕಾನೂನಿನ ಹಿಂದೆ ಗಂಭೀರವಾದ ಕಾರಣವಿದೆ. 2000ದ ದಶಕದ ಮೊದಲ ವರ್ಷಗಳಲ್ಲಿ ವೃದ್ಧರಿಗೆ ಕರೆ ಮಾಡಿ, ಮಗನ ಅಥವಾ ಮೊಮ್ಮಗನ ಸೋಗಿನಲ್ಲಿ ಮಾತನಾಡಿ, ತುರ್ತಾಗಿ ಹಣ ಬೇಕೆಂದು ನಂಬಿಸಿ ಖಾತೆಗೆ ಹಾಕಿಸಿಕೊಳ್ಳುವ ವಂಚನೆ ಅಲ್ಲಿ ಪಿಡುಗಿನಂತೆ ಹಬ್ಬಿತು. ಗುರುತು ಹೇಳದೆ ಕೊಳ್ಳಬಹುದಾಗಿದ್ದ ಪ್ರೀಪೇಯ್ಡ್ ಫೋನುಗಳು ವಂಚಕರಿಗೆ ಅನುಕೂಲವಾದವು. 2005ರಲ್ಲಿ ಅಂಗೀಕಾರವಾಗಿ 2006ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೊಬೈಲ್ ಫೋನ್ ದುರ್ಬಳಕೆ ತಡೆ ಕಾನೂನು, ಕರೆ ಸೌಲಭ್ಯವಿರುವ ಸಂಪರ್ಕ ಕೊಡುವ ಮುನ್ನ ಗ್ರಾಹಕನ ಹೆಸರು, ವಿಳಾಸ ಮತ್ತು ಜನ್ಮದಿನಾಂಕವನ್ನು ದಾಖಲೆಯಿಂದ ಖಚಿತಪಡಿಸಿಕೊಳ್ಳುವ ಹೊಣೆಯನ್ನು ಕಂಪನಿಗಳ ಮೇಲೆ ಹೊರಿಸಿತು. ವಿದೇಶಿಯರ ಮಟ್ಟಿಗೆ ಆ ದಾಖಲೆ ಎಂದರೆ 2012ರ ಜುಲೈ 9ರಿಂದ ಜಾರಿಗೆ ಬಂದ ಝೈರ್ಯೂ ಕಾರ್ಡ್, ಅಂದರೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವವರಿಗೆ ಕೊಡುವ ನಿವಾಸ ಪತ್ರ. ನರಿತಾ, ಹನೇದಾ, ಕನ್ಸಾಯ್‌ನಂತಹ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಬಂದಿಳಿದ ಕೂಡಲೇ ಅದು ಕೈಗೆ ಸಿಗುತ್ತದೆ. ಮನೆ ಗೊತ್ತಾದ 14 ದಿನಗಳೊಳಗೆ ಸ್ಥಳೀಯ ಆಡಳಿತ ಕಚೇರಿಗೆ ಹೋಗಿ ನೋಂದಾಯಿಸಿದಾಗ ಅದರ ಹಿಂಬದಿಯಲ್ಲಿ ವಿಳಾಸ ಮುದ್ರಿತವಾಗುತ್ತದೆ. ವಂಚನೆಗೆ ಸಿಕ್ಕವರ ನೋವನ್ನು ಎದುರಿಗಿಟ್ಟುಕೊಂಡು ನೋಡಿದರೆ ಇಷ್ಟು ಕೇಳುವುದು ಹೆಚ್ಚೇನಲ್ಲ. ಸರ್ಕಾರವೇ ಫೋಟೊ ಸಹಿತ ಕೊಟ್ಟ, ವಿಳಾಸವನ್ನೂ ಒಳಗೊಂಡ ಒಂದೇ ಕಾರ್ಡು ಕಾನೂನಿನ ಅಗತ್ಯವನ್ನು ಪೂರೈಸುತ್ತದೆ.

ತೊಡಕು ಶುರುವಾಗುವುದು ಆ ಕಾರ್ಡನ್ನು ಕೌಂಟರಿನ ಮೇಲಿಟ್ಟ ಬಳಿಕ. ತಿಂಗಳ ಬಿಲ್ಲಿಗೆ ಜಪಾನಿನ ಬ್ಯಾಂಕ್ ಖಾತೆ ಅಥವಾ ಕ್ರೆಡಿಟ್ ಕಾರ್ಡ್ ಬೇಕು. ಬ್ಯಾಂಕಿನಲ್ಲಿ ಖಾತೆ ತೆರೆಯಲು ಜಪಾನಿನ ಫೋನ್ ಸಂಖ್ಯೆ ಬೇಕು. ಬಾಡಿಗೆ ಮನೆಯ ಅರ್ಜಿಯಲ್ಲಿ ಫೋನ್ ಸಂಖ್ಯೆ ಬೇಕು, ಮನೆಯಿಲ್ಲದೆ ಕಾರ್ಡಿನ ಹಿಂಬದಿಗೆ ವಿಳಾಸ ಬರುವುದಿಲ್ಲ. ಉದ್ಯೋಗ ಕೊಟ್ಟ ಸಂಸ್ಥೆಯೋ ವಿಶ್ವವಿದ್ಯಾಲಯವೋ ಮಧ್ಯೆ ನಿಂತು ಒಂದು ಕೊಂಡಿಯನ್ನು ಬಿಡಿಸಿಕೊಟ್ಟವರಿಗೆ ಈ ಚಕ್ರ ಕೆಲವು ದಿನಗಳ ಅಲೆದಾಟವಷ್ಟೆ; ಆ ಬೆಂಬಲವಿಲ್ಲದೆ ಬಂದವರಿಗೆ ಅದು ತಿಂಗಳುಗಟ್ಟಲೆ ಎಳೆಯಬಲ್ಲದು. ಇದರಲ್ಲಿ ಬ್ಯಾಂಕಿನ ಪಾತ್ರ ವಿಶೇಷ ಗಮನಕ್ಕೆ ಅರ್ಹವಾಗಿದೆ. ವಿದೇಶಿ ವಿನಿಮಯ ಕಾನೂನಿನ ವ್ಯಾಖ್ಯಾನದ ಪ್ರಕಾರ ದೇಶಕ್ಕೆ ಬಂದು ಆರು ತಿಂಗಳಾದ ವಿದೇಶಿಯನ್ನು ನಿವಾಸಿ ಎಂದು ಪರಿಗಣಿಸಲಾಗುತ್ತದೆ, ಆದರೆ ಜಪಾನಿನೊಳಗಿನ ಕಚೇರಿಯಲ್ಲಿ ಕೆಲಸಕ್ಕೆ ಸೇರಿದವನಿಗೆ ಈ ಕಾಯುವಿಕೆ ಅನ್ವಯಿಸುವುದೇ ಇಲ್ಲ. ನಿಯಮದ ಈ ಎರಡನೆಯ ಅರ್ಧ ಅನೇಕ ಕೌಂಟರುಗಳಲ್ಲಿ ಮರೆತುಹೋಗಿ, ಆರು ತಿಂಗಳಾಗಲಿ ಎಂಬ ಉತ್ತರ ಉದ್ಯೋಗಿಗಳಿಗೂ ಸಿಗುತ್ತದೆ. ನಿಯಮ ಗೊತ್ತಿಲ್ಲದ ಹೊಸಬರು ಅದನ್ನು ಸರ್ಕಾರದ ಆಜ್ಞೆಯೆಂದೇ ನಂಬಿ ಮರಳುತ್ತಾರೆ.

ಕಂತಿನ ವಿಚಾರ ಸ್ವಲ್ಪ ಬೇರೆ. ಹೊಸ ಹ್ಯಾಂಡ್‌ಸೆಟ್ಟನ್ನು 24 ಅಥವಾ ಅದಕ್ಕಿಂತ ಹೆಚ್ಚು ತಿಂಗಳ ಕಂತಿನಲ್ಲಿ ಮಾರುವ ಕಂಪನಿ, ಗ್ರಾಹಕನ ವೀಸಾ ಅದಕ್ಕೂ ಮೊದಲೇ ಮುಗಿಯುವುದಾದರೆ ಪೂರ್ತಿ ಬೆಲೆಯನ್ನು ಮುಂಗಡವಾಗಿ ಕೇಳುವುದು ಸಾಲ ಕೊಡುವವರ ಸಹಜ ಎಚ್ಚರ, ಅದನ್ನು ತಾರತಮ್ಯವೆಂದು ಕರೆಯುವುದು ಸರಿಯಲ್ಲ. ಆದರೆ ಹ್ಯಾಂಡ್‌ಸೆಟ್ ಕೊಳ್ಳದೆ ಬರೀ ಸಿಮ್ ಕೇಳುವವರ ಮುಂದೆಯೂ ಅದೇ ಎಚ್ಚರವನ್ನು ಒಡ್ಡುವುದಕ್ಕೆ ಸಾಲದ ತರ್ಕ ನೆರವಾಗುವುದಿಲ್ಲ.

ಎಲ್ಲಕ್ಕಿಂತ ಆಳವಾದ ಸಮಸ್ಯೆ ಹೆಸರಿನದು. ಝೈರ್ಯೂ ಕಾರ್ಡಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆ ರೋಮನ್ ಲಿಪಿಯಲ್ಲಿರುತ್ತದೆ. ಜಪಾನಿನ ಬ್ಯಾಂಕುಗಳಾದರೋ 1973ರಲ್ಲಿ ಆರಂಭವಾದ ಝೆಂಗಿನ್ ಎಂಬ ಹಣ ವರ್ಗಾವಣೆ ಜಾಲದಲ್ಲಿ ಖಾತೆದಾರನ ಹೆಸರನ್ನು ಕತಕಾನಾದಲ್ಲಿ, ಅಂದರೆ ಹೊರಗಿನ ಪದಗಳನ್ನು ಬರೆಯಲು ಬಳಸುವ ಉಚ್ಚಾರಾಂಶ ಲಿಪಿಯಲ್ಲಿ, ಸೀಮಿತ ಅಕ್ಷರಸ್ಥಾನಗಳೊಳಗೆ ನಮೂದಿಸುತ್ತವೆ. ಕಾರ್ಡಿನಲ್ಲಿ ಕತಕಾನಾ ರೂಪವೇ ಇಲ್ಲದಿರುವುದರಿಂದ ಅದನ್ನು ಪ್ರತಿಯೊಂದು ಕೌಂಟರೂ ತನ್ನ ಕಿವಿಗೆ ಕೇಳಿದಂತೆ ಸೃಷ್ಟಿಸಿಕೊಳ್ಳುತ್ತದೆ. ವೆಂಕಟೇಶ ಎಂಬ ಹೆಸರು ಬ್ಯಾಂಕಿನಲ್ಲಿ 'ಬೆಂಕತೆಶು' ಎಂದೂ ಫೋನ್ ಅಂಗಡಿಯಲ್ಲಿ 'ವೆಂಕತೇಶು' ಎಂದೂ ದಾಖಲಾದರೆ, ಖಾತೆಯಿಂದ ನೇರವಾಗಿ ಬಿಲ್ ಕಡಿತಗೊಳಿಸುವ ಅರ್ಜಿ ಹೆಸರು ಹೊಂದುತ್ತಿಲ್ಲವೆಂಬ ಕಾರಣಕ್ಕೆ ಹಿಂದಿರುಗಬಹುದು. ಕನ್ನಡಿಗರಿಗೆ ಇದರ ಮೇಲೆ ಇನ್ನೊಂದು ಸಂಕಟವಿದೆ: ಊರಿನ ಮತ್ತು ತಂದೆಯ ಹೆಸರುಗಳನ್ನು ಇನಿಷಿಯಲ್ ಆಗಿ ಇಟ್ಟುಕೊಂಡು ಕುಲನಾಮವಿಲ್ಲದೆ ಬದುಕಿದವರು, ಪಾಸ್‌ಪೋರ್ಟ್ ಮಾಡಿಸುವಾಗ ಆ ಇನಿಷಿಯಲ್‌ಗಳನ್ನು ಬಿಡಿಸಿ ಬರೆಸಿದ್ದರೆ ಮೂರು ನಾಲ್ಕು ಪದಗಳ ಉದ್ದನೆಯ ಹೆಸರಿನೊಂದಿಗೆ, ಬರೆಸದಿದ್ದರೆ ಒಂದೇ ಪದದ ಹೆಸರಿನೊಂದಿಗೆ ಟೋಕಿಯೊಗೆ ಬಂದಿಳಿಯುತ್ತಾರೆ; ಕುಲನಾಮ ಮತ್ತು ಸ್ವಂತ ಹೆಸರು ಎಂಬ ಎರಡೇ ಖಾನೆಗಳುಳ್ಳ ಜಪಾನಿನ ನಮೂನೆಯಲ್ಲಿ ಮೊದಲನೆಯವರ ಹೆಸರು ಉಕ್ಕಿ ಹರಿಯುತ್ತದೆ, ಎರಡನೆಯವರದು ಒಂದು ಖಾನೆಯನ್ನು ಖಾಲಿ ಬಿಡುತ್ತದೆ, ಮತ್ತು ಖಾಲಿ ಖಾನೆಯ ಅರ್ಜಿಯನ್ನು ವೆಬ್ ನಮೂನೆ ಸ್ವೀಕರಿಸುವುದಿಲ್ಲ. 2025ರ ಮೇ 26ರಿಂದ ಜಪಾನಿ ಪ್ರಜೆಗಳ ಹೆಸರಿನ ಉಚ್ಚಾರಣೆಯನ್ನು ಕುಟುಂಬ ನೋಂದಣಿ ಪುಸ್ತಕದಲ್ಲಿ ಅಧಿಕೃತವಾಗಿ ದಾಖಲಿಸುವ ವ್ಯವಸ್ಥೆ ಜಾರಿಗೆ ಬಂತು. ಆ ಪುಸ್ತಕದಲ್ಲಿ ಪ್ರಜೆಗಳಿಗೆ ಮಾತ್ರ ಸ್ಥಾನವಿರುವುದರಿಂದ, ಅಧಿಕೃತ ಉಚ್ಚಾರಣಾ ರೂಪದ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿದ್ದವರು ಸುಧಾರಣೆಯ ಹೊರಗೇ ಉಳಿದರು. ಝೈರ್ಯೂ ಕಾರ್ಡಿನಲ್ಲಿ ಒಂದು ಸಾಲು ಕತಕಾನಾ ಮುದ್ರಿಸಿದರೆ ಎಷ್ಟೋ ಅರ್ಜಿಗಳು ಹಿಂದಿರುಗುವುದು ತಪ್ಪುತ್ತದೆ. ಅದನ್ನು ಮಾಡದಿರುವುದಕ್ಕೆ ಭದ್ರತೆಯ ಕಾರಣ ಯಾವುದೂ ಕಾಣುವುದಿಲ್ಲ.

ದರದ ವಿಷಯದಲ್ಲಿ ಕಳೆದ ಕೆಲವು ವರ್ಷಗಳ ಸುಧಾರಣೆಯನ್ನು ಮನಸಾರೆ ಮೆಚ್ಚಬೇಕು. ಒಂದು ಕಾಲದಲ್ಲಿ ಎರಡು ವರ್ಷದ ಒಪ್ಪಂದವನ್ನು ಮಧ್ಯದಲ್ಲಿ ಮುರಿದವರು 9,500 ಯೆನ್ ದಂಡ ತೆರಬೇಕಾಗಿತ್ತು. 2019ರ ಅಕ್ಟೋಬರ್‌ನಲ್ಲಿ ಜಾರಿಯಾದ ತಿದ್ದುಪಡಿ ಅದನ್ನು 1,000 ಯೆನ್‌ಗೆ ಇಳಿಸಿತು. 2020ರಲ್ಲಿ ರಕುತೆನ್ ನಾಲ್ಕನೆಯ ಜಾಲವಾಗಿ ಪೂರ್ಣ ಸೇವೆ ಆರಂಭಿಸಿದ್ದು, ದರ ತಗ್ಗಿಸಿರೆಂದು ಸುಗಾ ಯೊಶಿಹಿದೆ ಅವರ ಸರ್ಕಾರ ಒತ್ತಾಯಿಸಿದ್ದು, 2021ರ ಮಾರ್ಚ್‌ನಲ್ಲಿ ಡೊಕೊಮೊ ಕಂಪನಿಯ ಅಹಮೊ ಯೋಜನೆ ತಿಂಗಳಿಗೆ 2,970 ಯೆನ್‌ಗೆ 20 ಜಿಬಿ ಕೊಡಲು ಮುಂದಾದದ್ದು, ಇವೆಲ್ಲ ಒಂದರ ಹಿಂದೆ ಒಂದು ನಡೆದವು. ಎಷ್ಟು ಕಾಲ ಇರುತ್ತೇವೆಂಬ ಖಾತ್ರಿಯಿಲ್ಲದ ವಿದೇಶಿಗೆ ಒಪ್ಪಂದದ ಬಿಗಿ ಸಡಿಲವಾದದ್ದು ದರ ಇಳಿದದ್ದಕ್ಕಿಂತ ದೊಡ್ಡ ಲಾಭ. ಆದರೂ ಈ ಅಗ್ಗದ ಯೋಜನೆಗಳು ಅಂಗಡಿಯ ವೆಚ್ಚ ಉಳಿಸಲೆಂದು ಆನ್‌ಲೈನಿನಲ್ಲೇ ಮಾರಾಟವಾಗುವಂತೆ ರೂಪುಗೊಂಡವು. ಜಪಾನಿ ಭಾಷೆಯ ನಮೂನೆಯನ್ನು ಒಬ್ಬರೇ ತುಂಬಬಲ್ಲವರಿಗೆ ಅವು ಸುಲಭವಾಗಿ ದಕ್ಕುತ್ತವೆ, ಪಕ್ಕದಲ್ಲಿ ಕುಳಿತು ಸಹಾಯ ಮಾಡುವ ಸಿಬ್ಬಂದಿ ಬೇಕಾದವರು ಅಂಗಡಿಯ ದುಬಾರಿ ಯೋಜನೆಗೇ ಹೋಗುತ್ತಾರೆ.

ಮನೆಯ ಇಂಟರ್‌ನೆಟ್ಟಿನಲ್ಲಿ ತಂತ್ರಜ್ಞಾನದ ಬಗ್ಗೆ ದೂರುವುದು ಕಡಿಮೆ. ಹಿಂದೆ ಸ್ಥಿರ ದೂರವಾಣಿಗೆ 72,000 ಯೆನ್‌ನ ಸ್ಥಾಪನಾ ಶುಲ್ಕ ಕಟ್ಟಬೇಕಾಗಿದ್ದ ದೇಶದಲ್ಲಿ (2005ರಲ್ಲಿ ಅದನ್ನು 36,000ಕ್ಕೆ ಇಳಿಸಲಾಯಿತು) ಇಂದು ಫೈಬರ್ ಹೆಚ್ಚುಕಡಿಮೆ ಎಲ್ಲೆಡೆ ಇದೆ. ಹೊಸಬರಿಗೆ ಗೊಂದಲ ಹುಟ್ಟಿಸುವುದು ತಂತಿ ಎಳೆಯುವ ಕಂಪನಿಯೂ ಅದರ ಮೇಲೆ ಇಂಟರ್‌ನೆಟ್ ಹರಿಸುವ ಪ್ರೊವೈಡರೂ ಬೇರೆ ಬೇರೆಯಾಗಿರುವ ಪದ್ಧತಿ. 2015ರಿಂದ ದೂರಸಂಪರ್ಕ ಕಂಪನಿ ಎನ್‌ಟಿಟಿ ತನ್ನ ಫೈಬರನ್ನು ಸಗಟಾಗಿ ಮಾರತೊಡಗಿದ ಮೇಲೆ ಎರಡನ್ನೂ ಒಂದೇ ಬಿಲ್ಲಿನಲ್ಲಿ ಕೊಡುವವರು ಬಹಳವಾಗಿದ್ದಾರೆ. ಹಳೆಯ ಕಟ್ಟಡಗಳಲ್ಲಿ ಫೈಬರ್ ನೆಲಮಹಡಿಯ ಪೆಟ್ಟಿಗೆಯವರೆಗೆ ಬಂದು, ಅಲ್ಲಿಂದ ಮನೆಗೆ ಟೆಲಿಫೋನ್ ತಂತಿಯ ಮೇಲೆ ಗರಿಷ್ಠ 100 ಎಂಬಿಪಿಎಸ್ ವೇಗದಲ್ಲಿ ಹರಿಯುತ್ತದೆ; ಹೊಸ ತಂತಿ ಎಳೆಸಲು ಮನೆ ಮಾಲೀಕರ ಒಪ್ಪಿಗೆ ಬೇಕು; ವಿದ್ಯಾಭ್ಯಾಸ ಮತ್ತು ಉದ್ಯೋಗದ ವರ್ಷ ಶುರುವಾಗುವ ಏಪ್ರಿಲ್‌ನ ಆಸುಪಾಸಿನಲ್ಲಿ ಕೆಲಸಗಾರರ ದಿನ ಸಿಗುವುದು ಕಷ್ಟ.

ಇಲ್ಲಿ ಗಂಭೀರವಾಗಿ ಚರ್ಚಿಸಬೇಕಾದ್ದು 2016ರ ಮೇ ತಿಂಗಳಲ್ಲಿ ಬಂದ ಗ್ರಾಹಕ ರಕ್ಷಣೆಯ ನಿಯಮ. ಒಪ್ಪಂದದ ಪತ್ರ ಕೈಸೇರಿದ ದಿನದಿಂದ ಎಂಟು ದಿನಗಳೊಳಗೆ ಯಾವ ಕಾರಣವನ್ನೂ ಕೊಡದೆ ಸಂಪರ್ಕವನ್ನು ರದ್ದುಮಾಡುವ ಹಕ್ಕನ್ನು ಅದು ಗ್ರಾಹಕರಿಗೆ ಕೊಟ್ಟಿದೆ. ಮನೆ ಬಾಗಿಲಿಗೆ ಬಂದು ಮಾತಿನಲ್ಲೇ ಒಪ್ಪಿಸಿ ಸಹಿ ಹಾಕಿಸುವ ಮಾರಾಟಗಾರರಿಂದ ಜನರನ್ನು ಕಾಯಲು ಇದು ಒಳ್ಳೆಯ ಉಪಾಯ. ಆದರೆ ಆ ಹಕ್ಕನ್ನು ವಿವರಿಸುವ ಕಾಗದ ಸಾಮಾನ್ಯವಾಗಿ ಜಪಾನಿ ಭಾಷೆಯಲ್ಲಿ, ಕಾನೂನಿನ ದಟ್ಟ ಪದಗಳಲ್ಲಿ ಇರುತ್ತದೆ. ಅದನ್ನು ಓದಿಸಿಕೊಳ್ಳಲು ಒಬ್ಬ ಸ್ನೇಹಿತ ಬಿಡುವಾಗುವ ವೇಳೆಗೆ ಎಂಟು ದಿನ ಕಳೆದಿದ್ದರೆ ಹಕ್ಕು ಇದ್ದೂ ಇಲ್ಲದಂತೆ. ಓದಲಾಗದವರಿಗೆ ಹೆಚ್ಚು ದಿನ ಕೊಡಿರೆಂದು ಕೇಳುವುದಕ್ಕಿಂತ, ವಿದೇಶಿ ಗ್ರಾಹಕರನ್ನು ಅವರ ಭಾಷೆಯಲ್ಲಿ ಜಾಹೀರಾತು ಮಾಡಿ ಕರೆಯುವ ಕಂಪನಿ ರದ್ದತಿಯ ಹಕ್ಕನ್ನೂ ಅದೇ ಭಾಷೆಯಲ್ಲಿ ತಿಳಿಸಬೇಕೆಂದು ವಿಧಿಸುವುದು ಹೆಚ್ಚು ನ್ಯಾಯವಾದ ಪರಿಹಾರ.

ಟಿವಿಯ ಪ್ರಶ್ನೆ ಮೇಲಿನ ಎರಡಕ್ಕಿಂತ ಭಿನ್ನ, ಏಕೆಂದರೆ ಇಲ್ಲಿ ಕಾನೂನೇ ನಿಜವಾಗಿ ಬಾಗಿಲಿಗೆ ಬರುತ್ತದೆ. ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆಯ ಪ್ರಸಾರವನ್ನು ಹಿಡಿಯಬಲ್ಲ ಸಾಧನವನ್ನು ಮನೆಯಲ್ಲಿಟ್ಟವರು ಅದರೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕೆಂದು ಪ್ರಸಾರ ಕಾನೂನಿನ 64ನೆಯ ವಿಧಿ ಹೇಳುತ್ತದೆ. 2017ರ ಡಿಸೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯದ ಪೂರ್ಣಪೀಠ ಇದು ಸಂವಿಧಾನಕ್ಕೆ ಸಮ್ಮತವೆಂದು ತೀರ್ಪು ಕೊಟ್ಟಿತು. 2023ರ ಅಕ್ಟೋಬರ್‌ನಿಂದ ಭೂಪ್ರಸಾರಕ್ಕೆ ತಿಂಗಳಿಗೆ 1,100 ಯೆನ್, ಉಪಗ್ರಹ ಪ್ರಸಾರವೂ ಸೇರಿದರೆ 1,950 ಯೆನ್. ಟಿವಿ ಇಟ್ಟ ತಿಂಗಳನ್ನು ಬಿಟ್ಟು ಎರಡನೆಯ ತಿಂಗಳ ಕೊನೆಯೊಳಗೆ ಅರ್ಜಿ ಸಲ್ಲಿಸದವರಿಂದ ಶುಲ್ಕದ ಜೊತೆಗೆ ಅದರ ಎರಡು ಪಟ್ಟು ಹೆಚ್ಚುವರಿಯನ್ನು ಕೇಳುವ ಅಧಿಕಾರವೂ 2023ರ ಏಪ್ರಿಲ್‌ನಿಂದ ಸಂಸ್ಥೆಗಿದೆ. ಪೌರತ್ವವನ್ನು ಈ ನಿಯಮ ಗಣಿಸುವುದಿಲ್ಲ. ಭೂಕಂಪ ಮತ್ತು ಚಂಡಮಾರುತಗಳ ನಾಡಿನಲ್ಲಿ ಜಾಹೀರಾತುದಾರರ ಹಂಗಿಲ್ಲದ ಪ್ರಸಾರ ಸಂಸ್ಥೆಯನ್ನು ಎಲ್ಲರೂ ಸೇರಿ ಪೋಷಿಸುವುದು ತತ್ತ್ವದಲ್ಲಿ ಸರಿಯಾದದ್ದೇ. 2021ರ ಡಿಸೆಂಬರ್‌ನಲ್ಲಿ ಡಾನ್ ಕಿಹೋತೆ ಅಂಗಡಿಗಳು ಮಾರಾಟಕ್ಕಿಟ್ಟ ಟ್ಯೂನರ್ ಇಲ್ಲದ ಟಿವಿಯನ್ನು ಕೊಂಡ ಮಾತ್ರಕ್ಕೆ ಶುಲ್ಕ ಕಟ್ಟಬೇಕಾಗುವುದಿಲ್ಲ. ಆದರೆ ಇಂಟರ್‌ನೆಟ್ ಕಡಿದುಹೋದ ಹೊತ್ತಿನಲ್ಲಿ ಅಂತಹ ಪರದೆಯಿಂದ ಉಪಯೋಗವಿಲ್ಲ.

ಎಲ್ಲರೂ ಪೋಷಿಸಬೇಕಾದ ಸಂಸ್ಥೆ ಎಲ್ಲರೊಂದಿಗೂ ಮಾತನಾಡುತ್ತಿದೆಯೇ ಎಂಬುದು ಇಲ್ಲಿನ ನಿಜವಾದ ಪ್ರಶ್ನೆ. 1995ರ ಜನವರಿ 17ರಂದು ಕೋಬೆ ನಗರವನ್ನು ನೆಲಕ್ಕೆ ಕೆಡವಿದ ಭೂಕಂಪದ ನಂತರ, ನೀರು ಎಲ್ಲಿ ಸಿಗುತ್ತದೆ, ಪರಿಹಾರಕ್ಕೆ ಎಲ್ಲಿ ಅರ್ಜಿ ಹಾಕಬೇಕು ಎಂಬುದು ತಿಳಿಯದೆ ಕಂಗಾಲಾದ ಕೊರಿಯನ್ ಮತ್ತು ವಿಯೆಟ್ನಾಮಿ ನಿವಾಸಿಗಳಿಗಾಗಿ ನಗತಾ ಪ್ರದೇಶದಲ್ಲಿ ಎರಡು ಪುಟ್ಟ ರೇಡಿಯೊ ಕೇಂದ್ರಗಳು ಹುಟ್ಟಿ, ಮುಂದೆ ಒಂದಾಗಿ ಎಫ್‌ಎಂ ವೈವೈ ಎಂಬ ಬಹುಭಾಷಾ ಕೇಂದ್ರವಾದವು. ಸರಳ ಪದಗಳ, ಗಿಡ್ಡ ವಾಕ್ಯಗಳ 'ಸುಲಭ ಜಪಾನಿ'ಯನ್ನು ವಿದ್ವಾಂಸರು ರೂಪಿಸಿದ್ದೂ ಅದೇ ಅನುಭವದಿಂದ. ಎನ್‌ಎಚ್‌ಕೆ ಈ ಪಾಠವನ್ನು ಕಲಿಯಲಿಲ್ಲ ಎನ್ನಲಾಗದು: 2012ರಿಂದ ಸುಲಭ ಜಪಾನಿಯಲ್ಲಿ ಸುದ್ದಿಗಳನ್ನು ಇಂಟರ್‌ನೆಟ್ಟಿನಲ್ಲಿ ಕೊಡುತ್ತಿದೆ, ಸಂಜೆ ಏಳರ ವಾರ್ತೆಗೆ ಎರಡನೆಯ ಧ್ವನಿವಾಹಿನಿಯಲ್ಲಿ ಇಂಗ್ಲಿಷ್ ಅನುವಾದವಿದೆ. ಆದರೆ ವಿದೇಶಿಯರೆಂದರೆ ಇಂಗ್ಲಿಷ್ ಬಲ್ಲವರು ಎಂಬ ಹಳೆಯ ಊಹೆಯ ಮೇಲೆ ಟಿವಿಯ ಏರ್ಪಾಡು ಇನ್ನೂ ನಿಂತಿದೆ. ಕಾರ್ಖಾನೆ, ಹೊಲ ಮತ್ತು ವೃದ್ಧಾಶ್ರಮಗಳಲ್ಲಿ ಇಂದು ದುಡಿಯುತ್ತಿರುವ ವಿಯೆಟ್ನಾಮ್, ಇಂಡೊನೇಷ್ಯಾ, ಮ್ಯಾನ್ಮಾರ್‌ಗಳ ಯುವಕ ಯುವತಿಯರಿಗೆ ಜಪಾನಿಯಷ್ಟೇ ಇಂಗ್ಲಿಷೂ ದೂರ. ಅವರ ಭಾಷೆಗಳಲ್ಲಿ ಸುದ್ದಿ ಸಿದ್ಧಪಡಿಸುವ ಪತ್ರಕರ್ತರು ಅದೇ ಸಂಸ್ಥೆಯ ಅಂತರರಾಷ್ಟ್ರೀಯ ವಿಭಾಗದಲ್ಲಿ, ಮುಖ್ಯವಾಗಿ ಹೊರದೇಶದ ಕೇಳುಗರಿಗಾಗಿ, ದಿನವೂ ಕೆಲಸ ಮಾಡುತ್ತಿದ್ದಾರೆ. ಆ ದನಿಗಳನ್ನು ಶುಲ್ಕ ಕಟ್ಟುವ ಮನೆಯ ಟಿವಿಗೆ ತರಲು ಹೊಸ ಕಾನೂನು ಬೇಕಿಲ್ಲ. ಸಂಸ್ಥೆ ತನ್ನ ಒಂದು ವಿಭಾಗದ ಕೆಲಸವನ್ನು ಇನ್ನೊಂದಕ್ಕೆ ಜೋಡಿಸಬೇಕು, ಮತ್ತು ಅದಕ್ಕೆ ಮುಂದಿನ ಭೂಕಂಪದವರೆಗೆ ಕಾಯಬಾರದು.