ಕತೆ ಸಾವಿನಲ್ಲೇ ಯಾಕೆ ಮುಗೀಬೇಕು?

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡ್ತೀನಿ. ಈ ಬರಹದಲ್ಲಿ ನಾನು ಹೇಳಹೊರಟಿರುವ ಕಾದಂಬರಿಯನ್ನು ನಾನು ಓದಿಲ್ಲ, ಕೇಳಿದ್ದೇನೆ. ಅದು ಇಂಗ್ಲಿಷಿನದು, ನನ್ನದು ಏಳನೇ ಕ್ಲಾಸಿನ ಓದು. ನಮ್ಮ ವಾಚನಾಲಯಕ್ಕೆ ಬರುವ ಒಬ್ಬ ಸಾರು ಅದನ್ನು ಓದಿಕೊಂಡು ಬಂದು, ದಿನಕ್ಕಿಷ್ಟು ಅಂತ ಐದು ರಾತ್ರಿ ಕನ್ನಡದಲ್ಲಿ ಹೇಳಿದರು. ಬಯಲಾಟ, ಭಜನೆ, ತತ್ವಪದ ಎಲ್ಲಾನೂ ಕಿವಿಯಿಂದಲೇ ಕಲಿತವರು ನಾವು. ಹಾಗಾಗಿ ಕೇಳಿದ ಕತೆಯ ಮೇಲೆ ನಾಲ್ಕು ಮಾತು ಆಡೋ ಹಕ್ಕು ನನಗೂ ಇದೆ ಅಂದುಕೊಂಡಿದ್ದೇನೆ.

ಕಾದಂಬರಿಯ ಹೆಸರು ‘ವಾಟ್ ಲುಕ್ಸ್ ಲೈಕ್ ಕ್ರೇಜಿ ಆನ್ ಆನ್ ಆರ್ಡಿನರಿ ಡೇ’. ಬರೆದವರು ಅಮೆರಿಕದ ಕರಿಯರ ಸಮಾಜದ ಹೆಣ್ಣುಮಗಳು ಪರ್ಲ್ ಕ್ಲೀಜ್. 1997ರಲ್ಲಿ ಅಚ್ಚಾಯಿತು. ಮರುವರ್ಷ ಆಪ್ರಾ ವಿನ್‌ಫ್ರೇ ಅನ್ನುವವರು ತಮ್ಮ ಟಿವಿ ಕಾರ್ಯಕ್ರಮದ ಓದುಗರ ಕೂಟಕ್ಕೆ ಅದನ್ನು ಆರಿಸಿಕೊಂಡರು. ಅಲ್ಲಿಂದ ಅದು ಬಹಳ ಜನರ ಕೈಗೆ ಹೋಯಿತು.

ಕತೆ ಚಿಕ್ಕದಾಗಿ ಹೀಗಿದೆ. ಏವಾ ಅನ್ನುವವಳು ಅಟ್ಲಾಂಟಾ ಪಟ್ಟಣದಲ್ಲಿ ಹೆಂಗಸರ ಕೂದಲು ಶೃಂಗಾರದ ಅಂಗಡಿ ಇಟ್ಟುಕೊಂಡು ಚೆನ್ನಾಗಿ ದುಡಿಯುತ್ತಿದ್ದಳು. ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಇದೆ ಅಂತ ಬಂತು. ಅಂಗಡಿ ಮಾರಿ ದೂರದ ಇನ್ನೊಂದು ಪಟ್ಟಣಕ್ಕೆ ಹೋಗಿ ನೆಲೆಸೋಣ ಅಂತ ಹೊರಟವಳು, ಬೇಸಿಗೆ ಕಳೆಯೋಕೆ ಮಿಷಿಗನ್ ರಾಜ್ಯದ ಐಡಲ್‌ವೈಲ್ಡ್ ಅನ್ನುವ ತನ್ನ ಊರಿಗೆ, ಅಕ್ಕ ಜಾಯ್ಸಳ ಮನೆಗೆ ಬರ್ತಾಳೆ. ಬಿಳಿಯರ ಜಾಗಗಳಲ್ಲಿ ಕರಿಯರಿಗೆ ಪ್ರವೇಶ ಇಲ್ಲದ ಕಾಲದಲ್ಲಿ ಅವರು ಬಂದು ಸೇರುತ್ತಿದ್ದ ಕೆರೆ ದಂಡೆಯ ಊರು ಅದು. ಈಗ ಕಳೆಗುಂದಿದೆ. ಅಕ್ಕ ವಿಧವೆ. ಊರಿನ ವಯಸ್ಸಿನ ಹುಡುಗಿಯರನ್ನು ಸೇರಿಸಿಕೊಂಡು ಅವರ ಬದುಕು ನೆಟ್ಟಗೆ ಮಾಡೋಕೆ ಒದ್ದಾಡುತ್ತಿರುತ್ತಾಳೆ. ಒಂದು ಅನಾಥ ಹಸುಗೂಸನ್ನೂ ಮನೆಗೆ ತಂದುಕೊಳ್ಳುತ್ತಾಳೆ. ಅಲ್ಲಿ ಎಡ್ಡಿ ಅನ್ನುವವನ ಪರಿಚಯ ಆಗುತ್ತೆ. ವಿಯೆಟ್ನಾಂ ಯುದ್ಧ ನೋಡಿ ಬಂದವನು, ಜೈಲೂ ಕಂಡವನು. ಕಾಯಿಲೆ ವಿಷಯ ತಿಳಿದ ಮೇಲೂ ಅವನು ಬಿಟ್ಟು ಹೋಗಲ್ಲ. ಕಡೆಗೆ ಮದುವೆ ಆಗುತ್ತೆ.

ಮೊದಲ ರಾತ್ರಿ ಇಪ್ಪತ್ತು ಜನ ಇದ್ದೆವು. ಎಚ್‌ಐವಿ ಅಂದ ಕೂಡಲೇ ಒಬ್ಬ ಹಿರಿಯರು, “ಹುಡುಗರು ಕುಂತಾರೆ, ಇಂಥಾ ಕತೆ ಯಾಕೆ ಸಾರ್?” ಅಂದರು. ಇನ್ನೊಬ್ಬರು, “ಮಾಡಿದ್ದು ಉಣ್ಣಲಿ ಬಿಡ್ರಿ” ಅಂದರು. ಸಾರು ಸಿಟ್ಟು ಮಾಡಲಿಲ್ಲ. “ನಾಳೆ ಬನ್ನಿ, ಆಮೇಲೆ ಹೇಳಿ” ಅಂದರು. ಇಬ್ಬರೂ ಬಂದರು.

ಎರಡನೇ ರಾತ್ರಿಯಿಂದ ಒಂದು ಪ್ರಶ್ನೆ ಶುರುವಾಯಿತು. ಕತೆ ನಿಲ್ಲಿಸಿದ ತಕ್ಷಣ ಯಾರಾದರೂ ಒಬ್ಬರು ಕೇಳುವರು: “ಯಾವಾಗ ಸಾಯ್ತಾಳೆ ಸಾರ್?” ಮೂರನೇ ರಾತ್ರಿಯೂ ಅದೇ, ನಾಲ್ಕನೇ ರಾತ್ರಿಯೂ ಅದೇ. ಐದನೇ ರಾತ್ರಿ ಮದುವೆ ಹೇಳಿ ಪುಸ್ತಕ ಮುಚ್ಚಿದಾಗ ನಾಲ್ಕೈದು ಜನ ಸಂತೋಷಪಟ್ಟರು. ಉಳಿದವರಿಗೆ ಏನೋ ಮೋಸ ಆದಂಗಾಯ್ತು. “ಹಂಗಾದ್ರೆ ಸಾಯ್ಲೇ ಇಲ್ವಾ?” ಅಂತ ಒಬ್ಬ ಹುಡುಗ ಕೇಳಿದ. ಟಿಕೆಟ್ಟಿನ ದುಡ್ಡು ವಾಪಸ್ ಕೇಳೋ ಹಂಗಿತ್ತು ಅವನ ಮುಖ.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ಪ್ರಶ್ನೆಯನ್ನು ಊರಿಗೆ ಕಲಿಸಿದವರಲ್ಲಿ ನಾನೂ ಒಬ್ಬ.

ವಯಸ್ಸಾದವರಿಗೆ ನೆನಪಿರಬೇಕು. 2003ರ ಸುಮಾರಿಗೆ ನಮ್ಮ ಆಂಧ್ರದಲ್ಲಿ ಎಲ್ಲಿ ನೋಡಿದರೂ ಪುಲಿರಾಜನ ಬೋರ್ಡುಗಳು. ಪುಲಿರಾಜನಿಗೆ ಏಡ್ಸ್ ಬರುತ್ತಾ ಅಂತ ತೆಲುಗಿನಲ್ಲಿ ಒಂದು ಪ್ರಶ್ನೆ. ಮೊದಮೊದಲು ಯಾರಿವನು ಅಂತ ಜನ ತಲೆ ಕೆಡಿಸಿಕೊಂಡರು. ಆಮೇಲೆ ಅದು ಬೈಗುಳ ಆಯ್ತು. ರಾತ್ರಿ ತಡವಾಗಿ ಮನೆಗೆ ಬಂದವನೆಲ್ಲಾ ಪುಲಿರಾಜ. ಬಳ್ಳಾರಿ ಕಡೆ ಅದಿರು ಲಾರಿ ಓಡಿಸೋಕೆ ಹೋದ ಹುಡುಗರೆಲ್ಲಾ ಪುಲಿರಾಜ. ಬೋರ್ಡಿನಿಂದ ಒಂದು ಉಪಕಾರ ಆಯ್ತು, ಬಾಯಲ್ಲಿ ಆಡಬಾರದ ಮಾತನ್ನು ಜನ ಬಸ್‌ಸ್ಟಾಂಡಿನಲ್ಲಿ ನಿಂತು ಆಡಿದರು. ಆದರೆ ಪುಲಿರಾಜನ ಮನೆಯಲ್ಲಿ ಯಾರಿದ್ದಾರೆ, ಅವನಿಗೆ ಕಾಯಿಲೆ ಬಂದರೆ ಗಂಜಿ ಕಾಸಿ ಕೊಡೋರು ಯಾರು, ಅವನ ಹೆಂಡತಿ ಗತಿ ಏನು, ಇದನ್ನು ನಾವ್ಯಾರೂ ಕೇಳಲಿಲ್ಲ.

ಅದೇ ಕಾಲದಲ್ಲಿ ಊರೂರಿಗೆ ಕಲಾಜಾಥಾ ಹೋಗುತ್ತಿದ್ದವು. ನಾನೂ ಒಂದು ತಂಡದಲ್ಲಿ ಹಾಡಿದೆ. ಪದ ಕಟ್ಟಿದವನೂ ನಾನೇ. ದುಡಿಯೋಕೆ ಹೋದ ಗಂಡಸು ದಾರಿ ತಪ್ಪಿ ರೋಗ ತರ್ತಾನೆ, ಸೊರಗ್ತಾನೆ, ಊರು ಅವನನ್ನು ದೂರ ಇಡುತ್ತೆ, ಕಡೆಗೆ ಹೆಣ ಎತ್ತೋಕೂ ಜನ ಬರಲ್ಲ. ಇಷ್ಟೇ ಪದ. ಹೆಣದ ಭಾಗಕ್ಕೆ ಬಂದಾಗ ನಾನು ದನಿ ಇಳಿಸುತ್ತಿದ್ದೆ, ದಮ್ಮಡಿಯವನು ಬಡಿತ ನಿಲ್ಲಿಸುತ್ತಿದ್ದ. ಜನ ಉಸಿರು ಹಿಡಿದು ಕೂಡುತ್ತಿದ್ದರು. ಪದ ಗೆದ್ದಿತು ಅಂತ ನಮಗೆ ಹಿಗ್ಗು.

ಒಂದು ಊರಲ್ಲಿ, ಯಾವ ಊರು ಅಂತ ಹೇಳಲ್ಲ, ಪದದ ಮಧ್ಯದಲ್ಲೇ ಒಬ್ಬ ಹೆಣ್ಣುಮಗಳು ಮಗುವನ್ನು ಎತ್ತಿಕೊಂಡು ಎದ್ದು ಹೋದಳು. ನಾಟಿತು ನೋಡು, ಅಂದುಕೊಂಡೆ ನಾನು. ಎಷ್ಟೋ ದಿನಗಳಾದ ಮೇಲೆ ಗೊತ್ತಾಯಿತು. ಅವಳ ಗಂಡ ಸತ್ತು ಆಗ ವರ್ಷವೂ ಆಗಿರಲಿಲ್ಲ. ಅವನಿಂದ ಅವಳಿಗೂ ಬಂದಿತ್ತು. ಅತ್ತೆಮನೆಯಲ್ಲಿ ತಟ್ಟೆ, ಲೋಟ, ಚಾಪೆ ಬೇರೆ ಮಾಡಿದ್ದರು. ನನ್ನ ಪದದಲ್ಲಿ ಊರು ರೋಗಿಯನ್ನು ದೂರ ಇಟ್ಟಿದ್ದನ್ನು ಹಾಡಿದ್ದೆನೇ ಹೊರತು, ಅದು ತಪ್ಪು ಅಂತ ಒಂದು ಸೊಲ್ಲೂ ಇರಲಿಲ್ಲ. ಕೇಳಿದವರು ಅದನ್ನು ಹಾಗೇ ಮಾಡಬೇಕು ಅಂತ ತಿಳಿದಿದ್ದರೆ ತಪ್ಪು ಅವರದಲ್ಲ.

ಈಗ ಕಾದಂಬರಿಗೆ ಬರೋಣ. ಅದರಲ್ಲಿ ನನಗೆ ದೊಡ್ಡದು ಅನ್ನಿಸಿದ್ದು, ಕತೆ ಹೇಳುವವಳು ಏವಾನೇ. ‘ನಾನು’ ಅಂತ ಅವಳೇ ಹೇಳ್ತಾಳೆ. ಹೆದರ್ತಾಳೆ, ಕುಡೀತಾಳೆ, ತನ್ನನ್ನೇ ಗೇಲಿ ಮಾಡಿಕೊಳ್ತಾಳೆ, ಅಕ್ಕನ ಜೊತೆ ಜಗಳ ಆಡ್ತಾಳೆ. ಸಾರು ಕತೆ ಹೇಳುವಾಗ ಎಷ್ಟೋ ಕಡೆ ನಾವು ನಕ್ಕೆವು. ಎಚ್‌ಐವಿ ಇರುವವಳ ಬಾಯಿಂದ ಬಂದ ಮಾತಿಗೆ ನಗಬಹುದು ಅನ್ನೋದೇ ನಮಗೆ ಹೊಸದು. ನನ್ನ ಪದದಲ್ಲಿ ರೋಗಿಗೆ ಒಂದು ಸಾಲೂ ಇರಲಿಲ್ಲ. ಅವನ ಮೇಲೆ ನಾನು ಹಾಡಿದೆ, ಹಿಮ್ಮೇಳದವರು ಹಾಡಿದರು, ಅವನು ಬಾಯಿ ಬಿಡಲಿಲ್ಲ. ಬಯಲಾಟದಲ್ಲಿ ರಾಕ್ಷಸನಿಗೂ ಒಂದು ಪದ ಇರುತ್ತೆ, ನೋಡಿ.

ಎರಡನೆಯದು, ಕಾಯಿಲೆ ಕತೆಯ ಒಳಗೆ ಇದೆ, ಕತೆ ಕಾಯಿಲೆಯ ಒಳಗೆ ಇಲ್ಲ. ಅಡುಗೆ ಆಗಬೇಕು, ಕೂಸು ಅಳುತ್ತೆ, ಊರಿನ ಹುಡುಗಿಯರ ಗೋಳು, ಚರ್ಚಿನವರ ಕಿರಿಕಿರಿ. ಬದುಕು ಇವಳಿಗೋಸ್ಕರ ನಿಲ್ಲಲ್ಲ. ಅದು ಕಾಯಿಲೆ ಇದ್ದವರಿಗೆ ಒಳ್ಳೇದೇ.

ಕುಂದೂ ಇದೆ. ಎಡ್ಡಿ ಬಹಳ ಒಳ್ಳೆಯವನು. ಬೇಕಾದಾಗ ಬರ್ತಾನೆ, ಬೇಡದ ಮಾತು ಆಡಲ್ಲ, ಅಡುಗೇನೂ ಮಾಡ್ತಾನೆ. ಅಂಥ ಗಂಡಸು ಕತೆಯಲ್ಲೇ ಸಿಗಬೇಕು ಅಂತ ಕಟ್ಟೆ ಮೇಲೆ ಕೂತಿದ್ದ ಹೆಂಗಸರು ನಕ್ಕರು, ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಏವಾಳಿಗೆ ಅಂಗಡಿ ಮಾರಿದ ದುಡ್ಡಿತ್ತು. ನಮ್ಮ ಕಡೆ ಗಂಡ ತಂದುಕೊಟ್ಟ ಕಾಯಿಲೆಗೆ ಮಾತು ಕೇಳೋಳು ಹೆಂಡತಿ, ಅವಳ ಹತ್ತಿರ ಮಾರೋಕೆ ಏನಿರುತ್ತೆ? “ಅದು ಅಮೆರಿಕದ ಕತೆ, ನಮಗೆ ಹೊಂದಲ್ಲ” ಅಂತ ಒಬ್ಬರು ಅಂದಿದ್ದು ಈ ಮಟ್ಟಿಗೆ ಸರಿ.

ಆದರೆ ಅದೇ ಜಾಗದಲ್ಲಿ ಒಬ್ಬ ಹಮಾಲಿ ಕೆಲಸದವನು ಆಡಿದ ಮಾತು ಕೇಳಿ: “ಜೈಲಿಗೆ ಹೋಗಿ ಬಂದೋನ ಜೊತೆ ನಾವೆಲ್ಲಾ ಕುಂತು ಚಾ ಕುಡೀತೀವಿ. ಕಾಯಿಲೆ ಬಂದೋಳು ಏನು ಮಾಡಿದ್ಲು, ಲೋಟ ಬೇರೆ ಇಡೋಕೆ?” ಅಮೆರಿಕದ ಕತೆ ಆಗಿದ್ದರೆ ಈ ಮಾತು ಅವನ ಬಾಯಿಗೆ ಬರುತ್ತಿರಲಿಲ್ಲ.

ಕಾಲದ ಲೆಕ್ಕವನ್ನೂ ಹೇಳಬೇಕು. ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆ ಆದದ್ದು 1986ರಲ್ಲಿ, ಚೆನ್ನೈನಲ್ಲಿ. ಮೂರು ತರದ ಔಷಧಿ ಕೂಡಿಸಿ ಕೊಡುವ ಚಿಕಿತ್ಸೆ ಲೋಕಕ್ಕೆ ಬಂದದ್ದು 1996ರಲ್ಲಿ, ಈ ಕಾದಂಬರಿಗೆ ಒಂದು ವರ್ಷ ಮುಂಚೆ. ಸರ್ಕಾರ ಅದನ್ನು ಪುಕ್ಕಟೆ ಕೊಡೋಕೆ ಶುರು ಮಾಡಿದ್ದು 2004ರ ಏಪ್ರಿಲ್ 1ರಿಂದ. ಅಂದರೆ ಅಲ್ಲಿ ಒಬ್ಬಳು ಬದುಕುವ ಕತೆ ಬರೆದು ಏಳು ವರ್ಷ ಆದ ಮೇಲೆ ಇಲ್ಲಿ ಮಾತ್ರೆ ಸಿಕ್ಕಿತು. ಅದಕ್ಕೆ ಮುಂಚೆ ನಾವು ಸಾವಿನ ಪದ ಹಾಡಿದ್ದಕ್ಕೆ ಒಂದು ನೆವ ಇತ್ತು. ಸಾವು ಕಣ್ಣೆದುರಿಗೆ ಇತ್ತು. ಮಾತ್ರೆ ಬಂದ ಮೇಲೂ ಅದನ್ನೇ ಹಾಡಿದ್ದಕ್ಕೆ ನೆವ ಇಲ್ಲ. ಈಗ ದಿನಾ ತಪ್ಪದೆ ಮಾತ್ರೆ ತಗೊಂಡು, ರಕ್ತದಲ್ಲಿ ವೈರಸ್ಸು ಕಾಣದಷ್ಟು ಇಳಿದು ಹಂಗೇ ಉಳಿದರೆ, ಸಂಸಾರ ಮಾಡಿದರೂ ಜೋಡಿಗೆ ಹರಡಲ್ಲ. ಬಸುರಿಯಲ್ಲೇ ಔಷಧಿ ಶುರು ಮಾಡಿದರೆ ಕೂಸಿಗೆ ಬರೋದು ಬಹಳ ಅಪರೂಪ. ತಟ್ಟೆಯಿಂದ, ಮುಟ್ಟಿದರೆ, ಸೊಳ್ಳೆ ಕಚ್ಚಿದರೆ ಯಾವತ್ತೂ ಹರಡ್ತಿರಲಿಲ್ಲ. ನಮ್ಮ ಕಡೆಯೇ ಬತ್ತಲಪಲ್ಲಿಯ ಆರ್‌ಡಿಟಿ ಆಸ್ಪತ್ರೆಯಲ್ಲಿ ಈ ಕಾಯಿಲೆಗೆ ಚಿಕಿತ್ಸೆ ತಗೊಂಡು ಬದುಕಿದವರು ಎಷ್ಟೋ ಜನ.

ಆವತ್ತು ಎದ್ದು ಹೋದ ಹೆಣ್ಣುಮಗಳೂ ಬದುಕಿದ್ದಾಳೆ. ಮಾತ್ರೆ ತಗೋತಾಳೆ, ಕಾಲುವೆ ನೀರು ಬಿಟ್ಟಾಗ ಭತ್ತದ ನಾಟಿಗೆ ಬರ್ತಾಳೆ. ಮಗನಿಗೆ ಕಾಯಿಲೆ ಇಲ್ಲ, ದುಡಿಯೋ ಹಂಗೆ ಆಗಿದ್ದಾನೆ. ಐದು ರಾತ್ರಿ ಆದ ಮೇಲೆ ಒಂದು ದಿನ ಬದುವಿನ ಮೇಲೆ ಕೂತು ಅವಳಿಗೆ ಈ ಕತೆ ಪೂರಾ ಹೇಳಿದೆ. ನನ್ನ ಹಳೇ ಪದದ ಮಾತೂ ಎತ್ತಿದೆ. ಆ ಪದದ ಬಗ್ಗೆ ಅವಳು ಏನೂ ಅನ್ನಲಿಲ್ಲ. ಕತೆ ಬಗ್ಗೆ ಅಂದದ್ದು ಇಷ್ಟು:

“ಗಂಡ ಸಿಕ್ಕಿದ್ದು ಇರ್ಲಿ ಅಣ್ಣಾ. ಅವ್ಳು ಬರ್ತೀನಂದಾಗ ಅಕ್ಕ ಬಾಗ್ಲು ತೆಗೆದ್ಲಲ್ಲ, ಅದು ದೊಡ್ಡದು. ನಂಗೆ ಅಂಥ ಒಬ್ಬ ಅಕ್ಕ ಇದ್ದಿದ್ರೆ ಆ ಎರಡು ವರ್ಷ ದನದ ಕೊಟ್ಟಿಗೇಲಿ ಮಲಗ್ತಿರ್ಲಿಲ್ಲ.”

ಈ ಕಾದಂಬರಿ ಮೇಲೆ ನಾನು ಕೇಳಿದ ಮಾತುಗಳಲ್ಲೆಲ್ಲಾ ಇದೇ ಆಳವಾದದ್ದು. ನಾವು ಇಪ್ಪತ್ತು ಜನ ಐದು ರಾತ್ರಿ ಏವಾ-ಎಡ್ಡಿಯರ ಪ್ರೀತಿ ಸರಿಯೋ ತಪ್ಪೋ ಅಂತ ವಾದ ಮಾಡಿದೆವು. ಅಕ್ಕ-ತಂಗಿಯ ಪ್ರೀತಿ ನಮಗೆ ಕಾಣಲೇ ಇಲ್ಲ. ಕತೆ ನಿಂತಿರುವುದು ಅದರ ಮೇಲೆ. ಜಾಯ್ಸ್ ಬಾಗಿಲು ಹಾಕಿದ್ದರೆ ಎಡ್ಡಿ ಎಲ್ಲಿ, ಮದುವೆ ಎಲ್ಲಿ? ಸಾವಿರ ಹೊಗಳಿಕೆ ಬರೆದರೂ ಹೇಳಲಾಗದ್ದನ್ನು ಒಬ್ಬ ನಾಟಿಯವಳು ಎರಡು ಮಾತಿನಲ್ಲಿ ಹೇಳಿದಳು. ಅವಳ ಒಪ್ಪಿಗೆ ಕೇಳಿಯೇ ಇದನ್ನು ಬರೆದಿದ್ದೇನೆ, ಗುರುತು ಸಿಗದ ಹಾಗೆ ಬರೆದಿದ್ದೇನೆ. ಒಬ್ಬರ ಕಾಯಿಲೆ ವಿಷಯ ಅವರು ಒಪ್ಪದೆ ಬಯಲು ಮಾಡಬಾರದು ಅಂತ 2017ರ ಕಾನೂನೂ ಇದೆ. ಯಾರವಳು ಅಂತ ದಯವಿಟ್ಟು ಹುಡುಕಬೇಡಿ.

ಕಡೆಗೆ ಮೇಷ್ಟ್ರುಗಳಿಗೆ ಒಂದು ಬಿನ್ನಹ. ಡಿಸೆಂಬರ್ 1ಕ್ಕೆ, ಏಡ್ಸ್ ದಿನ ಅಂತ, ಸ್ಕೂಲುಗಳಲ್ಲಿ ಮಕ್ಕಳ ಕೈಲಿ ನಾಟಕ ಆಡಿಸ್ತೀರಿ. ಬಿಳಿ ಪಂಚೆ ಹೊದಿಸಿ ಒಬ್ಬ ಹುಡುಗನನ್ನು ಮಲಗಿಸಿ, ಉಳಿದವರ ಕೈಲಿ ಅಳಿಸ್ತೀರಿ. ನೋಡೋ ಮಕ್ಕಳಲ್ಲಿ ಯಾವ ಮಗುವಿನ ಮನೆಯಲ್ಲಿ ಮಾತ್ರೆ ಡಬ್ಬಿ ಇದೆಯೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ಮಗು ಸಾಯಂಕಾಲ ಮನೆಗೆ ಹೋಗಿ ಅವ್ವನ ಮುಖ ಹೆಂಗೆ ನೋಡಬೇಕು? ಈ ವರ್ಷ ಆ ಹುಡುಗನನ್ನು ಎಬ್ಬಿಸಿ ಕೂಡಿಸಿ. ಅವನ ಅಕ್ಕನ ಪಾತ್ರ ಒಂದು ಹಾಕಿ. ಪದ ಬೇಕಾದರೆ ಹೇಳಿ ಕಳಿಸಿ, ಹೊಸದು ಕಟ್ಟಿಕೊಡ್ತೀನಿ. ಹಳೇದನ್ನು ನಾನು ಬಿಟ್ಟುಬಿಟ್ಟಿದ್ದೇನೆ.