ಮದನಿಕೆಯ ಪಾದದಡಿಯ ರುಜು

ಬೇಲೂರಿನ ಚೆನ್ನಕೇಶವ ಗುಡಿಗೆ ಬಂದವರು ಕತ್ತೆತ್ತಿ ಕಂಬಗಳ ಮೇಲ್ತುದಿಯ ಸುಂದರಿಯರ ಶಿಲ್ಪಗಳಾದ ಮದನಿಕೆಯರನ್ನು ನೋಡುತ್ತಾರೆ. ಪೀಠದ ಮೇಲೆ ಕೊರೆದ ಚಿಕ್ಕ ಅಕ್ಷರಗಳತ್ತ ಕಣ್ಣು ಹೋಗುವುದು ಕಡಿಮೆ. 1117ರಲ್ಲಿ ಹೊಯ್ಸಳ ಅರಸ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಗುಡಿ ಇದು. ಅರಸನ ಮಾತು ಹೇಳಲು ದೊಡ್ಡ ಶಾಸನಗಳಿವೆ, ಕೆಲಸಗಾರನ ಮಾತಿಗೆ ಈ ಸಾಲುಗಳಷ್ಟೇ ಇವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದಗಿನ ನಾಗೋಜ ಹೀಗೆ ಹೆಸರಿನ ಜೊತೆಗೆ ಊರು, ತಂದೆ, ಬಿರುದು ಎಲ್ಲವನ್ನೂ ಬರೆದುಕೊಂಡಿದ್ದಾರೆ. ಎದುರಾಳಿ ರೂವಾರಿಗಳೆಂಬ, ಅಂದರೆ ಶಿಲ್ಪಿಗಳೆಂಬ, ಬೆಟ್ಟಕ್ಕೆ ತಾನು ಸಿಡಿಲು ಎನ್ನುವ ಬಿರುದಿದೆ. ಅವರು ಕಾಮನಾದರೆ ತಾನು ಶಿವ ಎನ್ನುವ ಇನ್ನೊಂದಿದೆ. ದೇವರಿಗಾಗಲಿ ಅರಸನಿಗಾಗಲಿ ಇಂಥ ಮಾತು ಯಾರೂ ಬರೆಯುವುದಿಲ್ಲ. ಪಕ್ಕದಲ್ಲೇ ಉಳಿ ಹಿಡಿದು ನಿಂತವನು ಓದಲಿ ಎಂದು ಬರೆದದ್ದು ಇದು. ಆ ಶಿಲ್ಪಿಗಳು ಒಬ್ಬರಿಗೊಬ್ಬರು ಬರೆದ ಓಲೆಗಳು ನಮ್ಮ ಕೈಗೆ ಸಿಕ್ಕಿಲ್ಲ. ಅವರ ಪತ್ರವ್ಯವಹಾರ ಎನ್ನಬಹುದಾದದ್ದು ಕಲ್ಲಿನ ಮೇಲಿನ ಈ ಕೆಣಕುಮಾತುಗಳೇ.

ಇವು ಕೂಲಿ ಲೆಕ್ಕದ ಗುರುತುಗಳು, ಇದರಲ್ಲಿ ವ್ಯಕ್ತಿತ್ವ ಹುಡುಕುವುದು ಇಂದಿನವರ ಚಪಲ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆದರೆ ಲೆಕ್ಕಕ್ಕೆ ಒಂದು ಗೀರು ಸಾಕಿತ್ತು, ಸಿಡಿಲು ಬೇಕಿರಲಿಲ್ಲ. ಅಪ್ಪ ಮಗ ಒಂದೇ ಗುಡಿಯಲ್ಲಿ ದುಡಿದೂ ತಮ್ಮ ತಮ್ಮ ಮದನಿಕೆಗಳಿಗೆ ಬೇರೆ ಬೇರೆ ರುಜು ಹಾಕಿದ್ದಾರೆ. ಮನೆತನದ ಮುದ್ರೆ ಒಂದೇ ಸಾಕು ಎಂದು ಅವರಿಗೆ ಅನ್ನಿಸಿಲ್ಲ. ಆಕ್ಷೇಪಕ್ಕೆ ಬಲ ಬರುವುದು ಬೇಲೂರಿನಿಂದಲ್ಲ, ಮಲ್ಲಿತಮ್ಮ ಎಂಬ ಶಿಲ್ಪಿಯ ರುಜುವಿನಿಂದ. 1196ರ ಅಮೃತಾಪುರದ ಗುಡಿಯಲ್ಲಿ ಕಾಣಿಸಿಕೊಳ್ಳುವ ಈ ಹೆಸರು ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನಲ್ಲಿದೆ, 1268ರ ಸೋಮನಾಥಪುರದಲ್ಲೂ ಇದೆ. ಕೆಲವು ಕಡೆ ಅದು ಬರೀ ‘ಮಲ್ಲಿ’, ಇನ್ನು ಕೆಲವು ಕಡೆ ‘ಮ’. ಎಪ್ಪತ್ತೆರಡು ವರ್ಷ ಒಬ್ಬನೇ ಕೆತ್ತಿದನೆಂದು ನಂಬುವುದು ಕಷ್ಟ. ಹೆಸರು ಒಂದು ಕಮ್ಮಟದ್ದಾಗಿರಬಹುದು. ಹಾಗಿದ್ದರೆ ಬೇಲೂರಿನಿಂದ ಸೋಮನಾಥಪುರದವರೆಗಿನ ಒಂದೂವರೆ ಶತಮಾನದಲ್ಲಿ ಜಂಬದ ಸಾಲು ಒಂದಕ್ಷರಕ್ಕೆ ಇಳಿದಿದೆ. ಕಟ್ಟುವ ಕೆಲಸ ಪಳಗಿತು, ಸ್ಪರ್ಧೆಯ ಬಿಸಿ ಆರಿತು ಎಂದು ನಾನು ಓದುತ್ತೇನೆ. ಸೋಮನಾಥಪುರದ ಮೂರ್ತಿಗಳ ಅಚ್ಚುಕಟ್ಟು, ಅವುಗಳ ಒಂದೇ ತೆರನಾದ ಸೊಗಸು ಈ ಓದಿಗೆ ಒಪ್ಪುತ್ತವೆ. ಬೇಲೂರಿನ ಮದನಿಕೆಯರಲ್ಲಿ ಒಬ್ಬಳ ನಿಲುವು ಇನ್ನೊಬ್ಬಳಿಗಿಲ್ಲ.

ಇಷ್ಟು ಹೆಸರುಗಳು ಕಲ್ಲಿನಲ್ಲೇ ಇದ್ದರೂ ಜನರ ಬಾಯಲ್ಲಿರುವುದು ಅಲ್ಲಿ ರುಜುವೇ ಇಲ್ಲದ, ದಂತಕಥೆಯ ಶಿಲ್ಪಿ ಜಕಣಾಚಾರಿ. ಮೂರ್ತಿಯ ಕಲ್ಲೊಳಗೆ ಕಪ್ಪೆ ಸಿಕ್ಕಿತೆನ್ನುವ ಕಪ್ಪೆ ಚೆನ್ನಿಗರಾಯನ ಕಥೆ, 1964ರ ಸಿನಿಮಾ, ಸರ್ಕಾರದ ಪ್ರಶಸ್ತಿ ಎಲ್ಲವೂ ಅವನ ಪಾಲಿಗೆ. ಜನಪದ ಕಥೆಗೆ ಅದರದೇ ಬೆಲೆಯಿದೆ, ಅದನ್ನು ಅಳಿಸಬೇಕಾಗಿಲ್ಲ. ಆದರೆ ಒಬ್ಬ ಮಹಾಶಿಲ್ಪಿಯ ಕಥೆ ನೂರಾರು ಕೈಗಳ ಕೆಲಸವನ್ನು ಒಂದೇ ಕೈಗೆ ಬರೆದುಕೊಡುತ್ತದೆ. ಆ ಕೈಗಳು ಅದನ್ನು ಒಪ್ಪಿಲ್ಲವೆಂಬುದಕ್ಕೆ ಅವುಗಳದೇ ಬರಹ ಸಾಕ್ಷಿ. ಶಾಸನತಜ್ಞ ಆರ್. ನರಸಿಂಹಾಚಾರ್ಯರು 1919ರ ತಮ್ಮ ಬೇಲೂರು ಗ್ರಂಥದಲ್ಲಿ ಈ ರುಜುಗಳನ್ನು ದಾಖಲಿಸಿ ನೂರು ವರ್ಷ ದಾಟಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿ ಸೇರಿವೆ. ಇನ್ನಾದರೂ ಗೈಡುಗಳು ಕನ್ನಡಿ ಹಿಡಿದ ಮದನಿಕೆ ದರ್ಪಣಸುಂದರಿಯ ಕಥೆ ಹೇಳುವ ಮೊದಲು ದಾಸೋಜ, ಚಾವಣರ ಸಾಲುಗಳನ್ನು ಓದಿ ಹೇಳಲಿ. ಪ್ರತಿ ಮದನಿಕೆಯ ಕೆಳಗಿನ ಬರಹವನ್ನು ಇಂದಿನ ಕನ್ನಡದಲ್ಲಿ ಕೊಡುವ ಒಂದು ಫಲಕ ಅಂಗಳದಲ್ಲಿ ನಿಲ್ಲಲಿ.