ನೆರೆಯವನ ನೀಲಿ ಪರದೆ

2007ರ ಅಕ್ಟೋಬರ್‌ನಲ್ಲಿ ಬಂದ ಆಪಲ್‌ನ ಮ್ಯಾಕ್ ಓಎಸ್ ಟೆನ್ ಲೆಪರ್ಡ್, ಜಾಲದಲ್ಲಿರುವ ವಿಂಡೋಸ್ ಕಂಪ್ಯೂಟರುಗಳನ್ನು ತೋರಿಸಲು ಒಂದು ಪುಟ್ಟ ಚಿತ್ರ ಬಳಸಿತು. ಮಾಸಲು ಬಣ್ಣದ, ಡಬ್ಬದಂಥ ಹಳೆಯ ಮಾನಿಟರ್. ಪರದೆಯ ತುಂಬ ನೀಲಿ, ಅದರ ಮೇಲೆ ಬಿಳಿ ಅಕ್ಷರ. ಆಗ ವಿಂಡೋಸ್ ಕುಸಿದು ಬಿದ್ದಾಗ ಕಾಣುತ್ತಿದ್ದ, ಜನ 'ಬ್ಲೂ ಸ್ಕ್ರೀನ್ ಆಫ್ ಡೆತ್' ಎನ್ನುತ್ತಿದ್ದ ಪರದೆ ಅದು.

ಕಸುಬಿನ ಮಟ್ಟಿಗೆ ಇದು ಸೊಗಸಾದ ಕೆಲಸ. ಪಟ್ಟಿಯಲ್ಲಿ ಸಣ್ಣದಾಗಿದ್ದಾಗ ಬರೀ ನೀಲಿ ಚುಕ್ಕೆ. ಯಾರ ಕೆಲಸಕ್ಕೂ ಅಡ್ಡಿಯಿಲ್ಲ. ಆದರೆ ಅದೇ ಲೆಪರ್ಡ್ 512 ಪಿಕ್ಸೆಲ್ ಅಗಲದ ಐಕಾನುಗಳನ್ನೂ ಕಡತಗಳನ್ನು ತೋರಿಸುವ ಫೈಂಡರ್‌ಗೆ ದೊಡ್ಡ ಚಿತ್ರಗಳ ಕವರ್ ಫ್ಲೋ ನೋಟವನ್ನೂ ತಂದಿತ್ತು. ಹಿಗ್ಗಿಸಿ ನೋಡಿದವರಿಗೆ ದೋಷಸಂದೇಶದ ಸಾಲುಗಳೇ ಕಾಣುತ್ತಿದ್ದವು. ಹತ್ತಿರ ಬಂದವರಿಗಷ್ಟೇ ಸಿಗುವಂತೆ ನಗೆಯನ್ನು ಬಚ್ಚಿಡುವ ಈ ಜಾಣ್ಮೆ ನನಗೆ ನಿಜಕ್ಕೂ ಇಷ್ಟ.

ನನ್ನ ತಕರಾರು ಬೇರೆ. ಐಕಾನ್ ಮೊದಲು ಸುದ್ದಿ ಹೇಳಬೇಕು. ಇಲ್ಲಿ ಆ ಕಂಪ್ಯೂಟರ್ ಆರೋಗ್ಯವಾಗಿದ್ದು ಕಡತಗಳನ್ನು ಹಂಚಿಕೊಳ್ಳುತ್ತಿದೆ. ಚಿತ್ರ ಮಾತ್ರ ಅದು ಸತ್ತಿದೆ ಎನ್ನುತ್ತದೆ. ಸಾಂಬಾ ತಂತ್ರಾಂಶದ ಮೂಲಕ ಕಡತ ಹಂಚುವ ಲಿನಕ್ಸ್ ಸರ್ವರುಗಳಿಗೂ ಇದೇ ಚಿತ್ರ ಅಂಟಿತು. ವಿಂಡೋಸಿನ ಗಂಧಗಾಳಿ ಇಲ್ಲದ ಯಂತ್ರಗಳು ಅದರ ಅಪಕೀರ್ತಿ ಹೊತ್ತವು. ಅತ್ತ ಆಪಲ್ ತನ್ನ ಐಮ್ಯಾಕ್, ಮ್ಯಾಕ್‌ಬುಕ್‌ಗಳನ್ನು ಒಂದೊಂದರ ರೂಪಕ್ಕೂ ತಕ್ಕಂತೆ ಚಿತ್ರಿಸಿತ್ತು. ಬೇಸತ್ತ ಕೆಲ ಲಿನಕ್ಸ್ ಬಳಕೆದಾರರು ಯಂತ್ರದ ಪರಿಚಯವನ್ನು ಜಾಲದಲ್ಲಿ ಸಾರುವ ಅವಾಹಿ ಎಂಬ ಸೇವೆಯಲ್ಲಿ ತಮ್ಮ ಸರ್ವರ್ ಆಪಲ್‌ನದೇ ಎಕ್ಸ್‌ಸರ್ವ್ ಎಂದು ಘೋಷಿಸಿ ಮರ್ಯಾದೆಯ ಚಿತ್ರ ಪಡೆದರು. ಗೌರವಕ್ಕಾಗಿ ಯಂತ್ರವೊಂದು ಸುಳ್ಳು ಹೆಸರು ಹೇಳಬೇಕಾಗಿ ಬಂದದ್ದು ಆ ವಿನ್ಯಾಸದ ಸೋಲು.

ಅದೇ ಕಾಲದ ಆಪಲ್‌ನ 'ಗೆಟ್ ಎ ಮ್ಯಾಕ್' ಜಾಹೀರಾತುಗಳೂ ಪಿಸಿಯನ್ನು, ಅಂದರೆ ವಿಂಡೋಸ್ ಕಂಪ್ಯೂಟರನ್ನು, ಗೇಲಿ ಮಾಡುತ್ತಿದ್ದವು. ಆದರೆ ಅಲ್ಲಿ ಪಿಸಿಯಾಗಿ ನಟಿಸಿದ ಜಾನ್ ಹಾಜ್‌ಮನ್‌ಗೆ ಎದುರುತ್ತರ ಕೊಡಲು ಬಾಯಿತ್ತು. ಪ್ರೇಕ್ಷಕರಿಗೂ ಇದು ಜಾಹೀರಾತು ಎಂಬ ಅರಿವಿತ್ತು. ಫೈಂಡರ್ ತೋರಿಸಿದ್ದನ್ನಾದರೋ ನಾವು ನಂಬಿ ಕೆಲಸ ಮಾಡುತ್ತೇವೆ.

ಇದಕ್ಕಿಂತ ಒಳ್ಳೆಯ ನಗೆ ಆಪಲ್‌ನ ಬಳಿಯೇ ಇತ್ತು. 1984ರ ಮ್ಯಾಕಿಂಟಾಷ್‌ಗಾಗಿ ಸೂಸನ್ ಕೇರ್ ಬತ್ತಿ ಹೊತ್ತಿದ ಬಾಂಬಿನ ಚಿತ್ರ ಬಿಡಿಸಿದ್ದರು. ಅದು ಕಾಣಿಸುತ್ತಿದ್ದದ್ದು ಮ್ಯಾಕ್ ತಾನೇ ಕೈಕೊಟ್ಟಾಗ. ಬಳಕೆದಾರ ನಗುತ್ತಿದ್ದ, ಜೊತೆಗೆ ಕೈಕೊಟ್ಟದ್ದು ತನ್ನ ಯಂತ್ರವೇ ಎಂದು ತಿಳಿಯುತ್ತಿದ್ದ.